ಮದರಸಾದ ಇನ್ನರ್ಧ: ಇರಾನಿನಲ್ಲಿ ಒಂಬತ್ತು ದಿನ

ಬೀದರಿನಲ್ಲಿ ಬೆಳೆದವರಿಗೆ ಮಹಮೂದ್ ಗವಾನನ ಮದರಸಾ ಅಂದರೆ ಅರ್ಧ ಕಟ್ಟಡ. ಇರಾನಿನ ಗೀಲಾನಿನಿಂದ ಬಂದು ಬಹಮನಿಗಳ ಪ್ರಧಾನಿಯಾದ ಗವಾನ್ ಅದನ್ನು 1472ರಲ್ಲಿ ಕಟ್ಟಿಸಿದ. ಔರಂಗಜೇಬನ ಕಾಲದಲ್ಲಿ ಸ್ಫೋಟವಾಗಿ ಒಂದು ಮಿನಾರು, ಜೊತೆಗೆ ಮುಂಭಾಗದ ಒಂದು ಪಾಲು ನೆಲಕ್ಕಿಳಿಯಿತು. ಉಳಿದ ಮಿನಾರಿಗೆ ನೀಲಿ ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ, ಕಳೆದ ಎಲೆಕ್ಷನ್ನಿನ ಪೋಸ್ಟರು ಹರಿದು ಉಳಿದ ಹಾಗೆ. ಊರ ಪಕ್ಕದ ನೌಬಾದಿನ ಸುರಂಗ ಬಾವಿಯೂ ನಮ್ಮ ಪಾಲಿಗೆ ಹೊಲದ ನಡುವೆ ಸಾಲಾಗಿರುವ ಗುಂಡಿಗಳು, ಅಷ್ಟೆ. ಕಲ್ಲು ಎಸೆದು ಸದ್ದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಎಣಿಸುವುದಕ್ಕೆ ಇದ್ದವು. ಇವೆಲ್ಲ ಎಲ್ಲಿಂದ ಬಂದವೋ ಅಲ್ಲಿ ಇಡಿಯಾಗಿ ಹೇಗಿವೆ ಎಂದು ಒಮ್ಮೆ ನೋಡಬೇಕು ಅಂತ ಮೂವತ್ತು ವರ್ಷದಿಂದ ಅಂದುಕೊಂಡದ್ದು ಈ ಅಕ್ಟೋಬರಿನಲ್ಲಿ ಕೂಡಿ ಬಂತು.

ಜೊತೆಗೆ ವಿಜಯಪುರದ ಗೆಳೆಯ. ಸಿವಿಲ್ ಎಂಜಿನಿಯರ್. ಯಾವ ಗುಮ್ಮಟ ತೋರಿಸಿದರೂ "ನಮ್ ಗೋಳಗುಮ್ಮಟದ ಮುಂದ ಇದೇನ ಬಿಡೋ" ಅನ್ನುವ ಪೈಕಿ. ಇಂಥವನೊಬ್ಬ ಜೊತೆಗಿದ್ದರೆ ಸುಮ್ಮಸುಮ್ಮನೆ ಮರುಳಾಗುವ ಅಪಾಯವಿಲ್ಲ.

ಮೊದಲ ದಿನ: ಕಾಶಾನ್‌ಗೆ

ಟೆಹರಾನ್ ಬಗ್ಗೆ ಹೇಳುವುದೇನೂ ಇಲ್ಲ. ವಿಮಾನ ನಿಲ್ದಾಣದಿಂದಲೇ ದಕ್ಷಿಣಕ್ಕೆ ಹೊರಟೆವು. ನಮ್ಮ ಯಾವ ಬ್ಯಾಂಕ್ ಕಾರ್ಡೂ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಒಳಜೇಬಿನಲ್ಲಿ ಯೂರೋ. ಬದಲಾಯಿಸಿದರೆ ಕೈತುಂಬ ರಿಯಾಲ್. ಜನ ಬಾಯಲ್ಲಿ ಹೇಳುವುದು ತೊಮಾನ್, ಅಂದರೆ ಒಂದು ಸೊನ್ನೆ ಕಮ್ಮಿ. ಮೊದಲೆರಡು ದಿನ ಗೆಳೆಯ ಪ್ರತಿ ಚಹಾದ ಬಿಲ್ಲನ್ನೂ ಹತ್ತುಪಟ್ಟು ಹೆಚ್ಚು ಅಂದುಕೊಂಡು ಬೆವರಿದ.

ಕಾಶಾನ್‌ನಲ್ಲಿ ಉಳಿದದ್ದು ಹಳೆಯ ಮನೆಯೊಂದರಲ್ಲಿ. ಬೀದಿ ಎರಡೂ ಕಡೆ ಬರೀ ಮಣ್ಣಿನ ಗೋಡೆ. ಕಿಟಕಿಯಿಲ್ಲ, ಜಗಲಿಯಿಲ್ಲ, ಇಂಥವರ ಮನೆ ಎಂದು ಹೇಳುವ ಗುರುತೂ ಇಲ್ಲ. ಮರದ ಬಾಗಿಲಿನ ಎರಡು ರೆಕ್ಕೆಗೆ ಬಾಗಿಲು ತಟ್ಟುವ ಎರಡು ಬಗೆಯ ಕೊಂಡಿ: ಒಂದಕ್ಕೆ ದಪ್ಪ ಕಬ್ಬಿಣದ ಕಡ್ಡಿ, ಇನ್ನೊಂದಕ್ಕೆ ಹಗುರ ಬಳೆ. ಕಡ್ಡಿ ಗಂಡಸರಿಗೆ, ಬಳೆ ಹೆಂಗಸರಿಗೆ. ಸದ್ದು ಕೇಳಿಯೇ ಬಾಗಿಲು ತೆರೆಯಲು ಯಾರು ಹೋಗಬೇಕೆಂದು ಒಳಗೆ ತೀರ್ಮಾನವಾಗುತ್ತಿತ್ತು. ಇದನ್ನೆಲ್ಲ ನೋಡುತ್ತಾ ಒಳಗೆ ಕಾಲಿಟ್ಟವನು ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡೆ. ಆತಿಥೇಯ ಐಸು ತಂದುಕೊಟ್ಟು, ಎಲ್ಲರಿಗೂ ಆಗುತ್ತದೆ, ಒಂದೇ ಸಲ ಆಗುತ್ತದೆ ಎಂದ.

ಅವನ ಮಾತು ಸುಳ್ಳಾಯಿತು. ಮಾರನೇ ದಿನವೂ ಹೊಡೆಸಿಕೊಂಡೆ.

ಎರಡನೇ ದಿನ: ಮುಖ ತೋರದ ಮನೆಗಳು

ಕಾಶಾನ್ 1778ರ ಭೂಕಂಪದಲ್ಲಿ ನೆಲಸಮವಾದ ಊರು. ಈಗ ನೋಡಲು ಸಿಗುವ ದೊಡ್ಡ ಮನೆಗಳು ಹೆಚ್ಚಾಗಿ ಆಮೇಲೆ, ಕಾಜಾರ್ ಅರಸರ ಕಾಲದಲ್ಲಿ, ರತ್ನಗಂಬಳಿ ವ್ಯಾಪಾರಿಗಳಂಥ ಹಣವಂತರು ಕಟ್ಟಿಸಿದವು. ಬೆಳಿಗ್ಗೆ ತಬಾತಬಾಯಿ ಮನೆಗೆ ಹೋದೆವು. 40 ಕೋಣೆ, 4 ಅಂಗಳ. ಆದರೆ ನಾನು ಹೇಳಬೇಕೆಂದಿರುವುದು ಕೋಣೆಗಳ ಬಗ್ಗೆ ಅಲ್ಲ, ಬಾಗಿಲು ದಾಟಿದ ಮೇಲಿನ ಮೊದಲ ಹತ್ತು ಹೆಜ್ಜೆಗಳ ಬಗ್ಗೆ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಕತ್ತಲೆ. ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಲೇಬೇಕು. ನಿಂತರೆ ಗೊತ್ತಾಗುತ್ತದೆ, ಇದು ಎಂಟು ಮೂಲೆಯ ಪುಟ್ಟ ಮೊಗಸಾಲೆ. ಮೇಲೆ ಸಣ್ಣ ಗುಮ್ಮಟ, ನೆತ್ತಿಯಲ್ಲಿ ಬೆಳಕಿನ ತೂತು, ಗೋಡೆಗುಂಟ ಕೂರುವ ಕಟ್ಟೆ. ಹೆಸರು ಹಶ್ತಿ. ಹಶ್ತ್ ಎಂದರೆ ಎಂಟು, ನಮ್ಮ ಅಷ್ಟದ ಒಡಹುಟ್ಟು. ಇಲ್ಲಿಂದ ಅಂಗಳ ಕಾಣುವುದಿಲ್ಲ. ಒಂದು ಓಣಿ ಎಡಕ್ಕೆ ತಿರುಗಿ ಬೀರೂನಿಗೆ, ಅಂದರೆ ಬಂದವರು ಹೋದವರು ಕೂರುವ ಹೊರಮನೆಗೆ ಹೋಗುತ್ತದೆ. ಇನ್ನೊಂದು ಮತ್ತೆಲ್ಲೋ ತಿರುಗಿ ಅಂದರೂನಿಗೆ, ಹೆಂಗಸರು ಮಕ್ಕಳು ಬದುಕುವ ಒಳಮನೆಗೆ. ನಾಲ್ಕು ಹೆಜ್ಜೆ ಹಾಕಿ ತಿರುಗುತ್ತೀರಿ, ಮತ್ತೊಂದು ತಿರುವು, ಆಗ ಥಟ್ಟನೆ ಅಂಗಳ: ನಡುವೆ ಉದ್ದನೆಯ ಹೌಜ್, ಅಂದರೆ ನೀರಿನ ಕೊಳ, ದಾಳಿಂಬೆ ಗಿಡ, ಎದುರಿಗೆ ಬಿಳಿ ಗಾರೆಯ ಕೆತ್ತನೆ, ಬಣ್ಣದ ಗಾಜಿನ ಒರೋಸಿ ಕಿಟಕಿಗಳು. ಬೀದಿಯಲ್ಲಿ ನಿಂತು ನೋಡಿದ ಗೋಡೆಗೂ ಇದಕ್ಕೂ ಸಂಬಂಧವೇ ಇಲ್ಲ.

ನಮ್ಮ ತೊಟ್ಟಿಮನೆಯಲ್ಲೂ ನಡುವೆ ಅಂಗಳವಿದೆ. ಆದರೆ ನಾವು ಬೀದಿಗೆ ಜಗಲಿ ಇಟ್ಟು ಹೋಗಿ ಬರುವವರನ್ನು ಮಾತಾಡಿಸುತ್ತೇವೆ. ಇಲ್ಲಿ ಆ ಜಗಲಿಯನ್ನು ಬಾಗಿಲ ಒಳಗೆ ಎಳೆದುಕೊಂಡು ಹಶ್ತಿಯ ಕಟ್ಟೆ ಮಾಡಿದ್ದಾರೆ ಅನ್ನಿಸಿತು. ಯಜ್ದ್‌ನಲ್ಲಿ ಹುಟ್ಟಿದ ವಾಸ್ತು ವಿದ್ವಾಂಸ ಮೊಹಮ್ಮದ್ ಕರೀಂ ಪೀರ್‌ನಿಯಾ ಇರಾನಿನ ಕಟ್ಟಡಗಳಿಗೆ ಐದು ಗುಣ ಹೇಳಿದವರು. ಅದರಲ್ಲೊಂದು ದರೂನ್‌ಗರಾಯಿ, ಒಳಮುಖವಾಗಿರುವುದು. ಇನ್ನೊಂದು ಪರ್ಹೇಜ್ ಅಜ್ ಬೀಹೂದೆಗಿ, ಅಂದರೆ ಸುಮ್ಮನೆ ಏನನ್ನೂ ಮಾಡದಿರುವುದು. ಇಷ್ಟು ಕುಸುರಿ ಕೆತ್ತಿದವರು ಸುಮ್ಮನೆ ಏನೂ ಮಾಡಲಿಲ್ಲವೇ ಎಂದು ಗೆಳೆಯ ನಕ್ಕ. ನಾನೂ ನಕ್ಕೆ. ನಮಗೆ ಇನ್ನೂ ಗೊತ್ತಿರಲಿಲ್ಲ.

ಅಂಗಳ ಬೀದಿಗಿಂತ ತಗ್ಗಿನಲ್ಲಿದೆ. ಅಗೆದ ಮಣ್ಣು ಇಟ್ಟಿಗೆಗೆ ಆಯಿತು, ತಗ್ಗಾದಷ್ಟೂ ತಂಪಾಯಿತು, ನೆಲದಡಿ ಹರಿಯುವ ನೀರು ಹೌಜಿಗೆ ತಾನಾಗಿ ಬರಲು ಹಾದಿಯೂ ಆಯಿತು. ಅಂಗಳದ ಉತ್ತರ ದಿಕ್ಕಿನ ಕೋಣೆಗಳು ದಕ್ಷಿಣದ ಬಿಸಿಲಿಗೆ ಮುಖ ಮಾಡಿವೆ, ಅವು ಚಳಿಗಾಲಕ್ಕೆ. ಎದುರು ಸಾಲಿನವು ಬೇಸಿಗೆಗೆ. ಮನೆಮಂದಿ ಹಾಸಿಗೆ ಹೊದಿಕೆ ಹೊತ್ತು ಮನೆಯೊಳಗೇ ಗುಳೆ ಹೋಗುತ್ತಿದ್ದರು. ಒರೋಸಿಯ ಬಣ್ಣದ ಗಾಜು ಬಿಸಿಲಿನ ಕಾವು ಮುರಿಯುತ್ತದೆ. ಕಿಟಕಿಯ ಚೌಕಟ್ಟು ಮೇಲಕ್ಕೆ ಜಾರಿ ಗೋಡೆಯೊಳಗೆ ಅಡಗುತ್ತದೆ. ಬಾಗಿಲು ತೆರೆದು ಜಾಗ ನುಂಗುವ ಮಾತಿಲ್ಲ.

ಮಧ್ಯಾಹ್ನ ಬೊರೂಜೆರ್ದಿ ಮನೆ. ಇದಕ್ಕೊಂದು ಕಥೆ ಇದೆ. ಬೊರೂಜೆರ್ದಿ ಎಂಬ ವ್ಯಾಪಾರಿ ತಬಾತಬಾಯಿಯ ಮಗಳನ್ನು ಕೇಳಿದಾಗ, ನಮ್ಮ ಮನೆಯಂಥ ಮನೆ ಕಟ್ಟಿದರೆ ಕೊಡುತ್ತೇನೆ ಎಂದನಂತೆ ಮಾವ. 18 ವರ್ಷ ಹಿಡಿಯಿತಂತೆ. ಎಲ್ಲ ಗೈಡುಗಳೂ ಇದನ್ನೇ ಹೇಳುತ್ತಾರೆ. ಆದರೆ ಅದೇ ಗೈಡುಗಳ ಪ್ರಕಾರ ಅಳಿಯನ ಮನೆ ಶುರುವಾದದ್ದು 1857ರಲ್ಲಿ, ಮಾವನ ಮನೆ 1880ರ ದಶಕದ್ದು. ಇಲ್ಲದ ಮನೆಯಂಥ ಮನೆ ಕಟ್ಟು ಎಂದು ಷರತ್ತು ಹಾಕಿದ ಮಾವನನ್ನು ನೆನೆದು ಗೆಳೆಯ ಬಿದ್ದು ಬಿದ್ದು ನಕ್ಕ. "ಕ್ಲೈಂಟ್ ಅಂದ್ರ ಹಿಂಗ ಇರ್ತಾರ" ಎಂದ. ಎರಡನ್ನೂ ಕಟ್ಟಿದ ಮೇಸ್ತ್ರಿ ಮಾತ್ರ ಒಬ್ಬನೇ, ಉಸ್ತಾದ್ ಅಲಿ ಮರ್ಯಮ್.

ಮೂರನೇ ದಿನ: ಫೀನ್, ಮತ್ತೆ ಬಸ್ಸು

ಫೀನ್ ತೋಟ ಮರುಭೂಮಿಯ ಅಂಚಿನಲ್ಲಿ ಗೋಡೆ ಕಟ್ಟಿ ಹಿಡಿದಿಟ್ಟ ನೀರಿನ ಪೆಟ್ಟಿಗೆ. ಹಿಂದಿನ ಬೆಟ್ಟದ ಸುಲೇಮಾನಿಯೆ ಚಿಲುಮೆಯಿಂದ ಇಳಿಜಾರಿನಲ್ಲಿ ಬರುವ ನೀರು, ಪಂಪಿಲ್ಲದೆ, ಕಾಲುವೆಯುದ್ದಕ್ಕೂ ಕಾರಂಜಿಯಾಗಿ ಪುಟಿಯುತ್ತದೆ. ಕಾಲುವೆಗೆ ಹಸಿರು ನೀಲಿ ಬಿಲ್ಲೆ ಹಾಸಿದ್ದಾರೆ. ಗೇಣುದ್ದದ ನೀರೂ ಆಳವಾಗಿ ಕಾಣುತ್ತದೆ. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಒಂಬತ್ತು ಇರಾನಿ ತೋಟಗಳಲ್ಲಿ ಇದೂ ಒಂದು. ಇದರ ಹಮ್ಮಾಮಿನಲ್ಲೇ, ಅಂದರೆ ಸ್ನಾನದ ಮನೆಯಲ್ಲೇ, 1852ರಲ್ಲಿ ಪ್ರಧಾನಿಯಾಗಿದ್ದ ಅಮೀರ್ ಕಬೀರನನ್ನು ದೊರೆಯ ಅಪ್ಪಣೆಯಂತೆ ಕೊಂದರು. ಶಾಲಾ ಮಕ್ಕಳ ಗುಂಪೊಂದು ಆ ಕೋಣೆಯ ಮುಂದೆ ಸದ್ದಿಲ್ಲದೆ ನಿಂತಿತ್ತು. ಗವಾನನೂ ಪ್ರಧಾನಿಯೇ, ಅವನನ್ನೂ 1481ರಲ್ಲಿ ಅವನ ದೊರೆಯೇ ಕೊಲ್ಲಿಸಿದ. ಒಳ್ಳೆಯ ಪ್ರಧಾನಿಗಳ ಹಣೆಬರಹ.

ಸಂಜೆಯ ಬಸ್ಸಿಗೆ ಇಸ್ಫಹಾನ್. ನಮ್ಮ ಸೀಟನ್ನು ಇನ್ನಿಬ್ಬರಿಗೂ ಮಾರಿದ್ದರು. ಮುಕ್ಕಾಲು ತಾಸು ಜಗಳ, ಕೊನೆಗೆ ಡ್ರೈವರಿನ ಹಿಂದಿನ ಮಡಚು ಕುರ್ಚಿ. ಅಲ್ಲಿ ಕೂತಿದ್ದಕ್ಕೆ ಥರ್ಮಾಸಿನ ಚಹಾ ಸಿಕ್ಕಿತು, ಇರಲಿ.

ನಾಲ್ಕನೇ ದಿನ: ಓರೆಯಾಗಿ ನಿಂತ ಮಸೀದಿ

ನಕ್ಶ್-ಎ-ಜಹಾನ್ ಚೌಕ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲ. ಶಾ ಅಬ್ಬಾಸ್ 1598ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದವನು. ಉತ್ತರಕ್ಕೆ ಬಜಾರು, ದಕ್ಷಿಣಕ್ಕೆ ದೊರೆಯ ದೊಡ್ಡ ಮಸೀದಿ, ಪಶ್ಚಿಮಕ್ಕೆ ಆಲಿ ಕಾಪೂ ಅರಮನೆ, ಪೂರ್ವಕ್ಕೆ ಶೇಖ್ ಲುತ್ಫುಲ್ಲಾ ಮಸೀದಿ. ಮೂಗಿನ ನೇರಕ್ಕೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಲುತ್ಫುಲ್ಲಾದ ಗುಮ್ಮಟ ತನ್ನ ಹೆಬ್ಬಾಗಿಲ ಮೇಲೆ ಸರಿಯಾಗಿ ಕೂತಿಲ್ಲ, ಪಕ್ಕಕ್ಕೆ ಸರಿದಿದೆ. ಗೆಳೆಯ ಫೋನಿನಲ್ಲಿ ಗೆರೆ ಎಳೆದು ನೋಡಿ, "ತಪ್ಪಾಗಿದೆಯೋ" ಅಂದ.

ತಪ್ಪಲ್ಲ. ಚೌಕ ಒಂದು ದಿಕ್ಕಿಗಿದೆ, ಮೆಕ್ಕಾ ಇನ್ನೊಂದು ದಿಕ್ಕಿಗೆ. ಮುಂಭಾಗ ಚೌಕದ ಶಿಸ್ತಿಗೆ ತಲೆಬಾಗಬೇಕು, ಒಳಗಿನ ಕೋಣೆ ನಮಾಜಿನ ದಿಕ್ಕಿಗೆ. ಈ ಎರಡರ ನಡುವಿನ ಜಗಳವನ್ನು 1603ರಿಂದ 1619ರವರೆಗೆ ಇದನ್ನು ಕಟ್ಟಿದ ಉಸ್ತಾದ್ ಮುಹಮ್ಮದ್ ರಜಾ ಒಂದು ಓಣಿಯಲ್ಲಿ ಬಗೆಹರಿಸಿದ. ಬಾಗಿಲು ದಾಟಿದರೆ ಎಡಕ್ಕೆ ಕತ್ತಲೆಯ ಓಣಿ, ಮೊಣಕೈಯಂತೆ ಮಡಚಿ ಬಲಕ್ಕೆ. ನಿಮಗೆ ಗೊತ್ತಾಗದಂತೆ ನಿಮ್ಮ ಮೈಯನ್ನು ಮೆಕ್ಕಾದ ಕಡೆ ತಿರುಗಿಸಿ ಗುಮ್ಮಟದಡಿ ತಂದು ನಿಲ್ಲಿಸುತ್ತದೆ. ಕಾಶಾನಿನ ಮನೆಯಲ್ಲಿ ಮರ್ಯಾದೆ ಕಾಯಲು ಮಾಡಿದ ತಿರುವೇ ಇಲ್ಲಿ ದಿಕ್ಕು ತಿದ್ದಲು ಒದಗಿದೆ. ಕತ್ತಲೆಯಿಂದ ಬಂದ ಕಣ್ಣಿಗೆ ಆ ಹದವಾದ ಬೆಳಕು ಸಾಕಾಗುತ್ತದೆ. ಬಿಸಿಲಿನಿಂದ ನೇರ ಬಂದಿದ್ದರೆ ಏನೂ ಕಾಣುತ್ತಿರಲಿಲ್ಲ.

ಅಂಗಳವಿಲ್ಲ, ಮಿನಾರಿಲ್ಲ. ಒಂದೇ ಕೋಣೆ. ಚೌಕ ನೆಲದಿಂದ ಎಂಟು ಕಮಾನುಗಳೆದ್ದು, ಮೂಲೆಗಳನ್ನು ನುಂಗಿ, ಚೌಕವನ್ನು ದುಂಡಗೆ ಮಾಡಿ ಗುಮ್ಮಟಕ್ಕೆ ಒಪ್ಪಿಸುತ್ತವೆ. ಪ್ರತಿ ಕಮಾನಿಗೂ ಹಗ್ಗದಂತೆ ಹೊಸೆದ ಫಿರೋಜಾ, ಅಂದರೆ ಹಸಿರುನೀಲಿ ಬಣ್ಣದ ಅಂಚು. ಮೂಲೆಗೆ ಕಮಾನು ಹಾಕಿ ಚೌಕದ ಮೇಲೆ ಗುಮ್ಮಟ ನಿಲ್ಲಿಸುವ ಈ ಉಪಾಯ ಇಸ್ಲಾಮಿಗಿಂತ ಹಳೆಯದು. ಫಿರೂಜಾಬಾದಿನಲ್ಲಿ ಅರ್ದಶೀರನ ಅರಮನೆಯಲ್ಲಿ, 3ನೇ ಶತಮಾನದಲ್ಲೇ ಇದೆ. ಧರ್ಮ ಬದಲಾಯಿತು, ಭಾಷೆಯ ಲಿಪಿ ಬದಲಾಯಿತು, ಮೂಲೆಗೆ ಕಮಾನು ಹಾಕುವುದನ್ನು ಮೇಸ್ತ್ರಿಗಳು ಬಿಡಲಿಲ್ಲ. ಗೆಳೆಯ ಇಲ್ಲಿ ಮಾತಾಡಲಿಲ್ಲ. ಅಂಗಾತ ಮಲಗಲು ಹೋಗಿ ಕಾವಲುಗಾರನಿಂದ ಬೈಸಿಕೊಂಡ.

ದೊಡ್ಡ ಮಸೀದಿಯಲ್ಲಿ ಅವನಿಗೆ ಜೀವ ಬಂತು. 1611ರಲ್ಲಿ ಶುರುವಾದ ಇದರ ಗುಮ್ಮಟ ಎರಡು ಪದರದ್ದು: ಒಳಗಿನದು ಸುಮಾರು 38 ಮೀಟರ್, ಹೊರಗಿನದು 50 ಮೀಟರ್ ದಾಟಿ. ನಡುವೆ ಖಾಲಿ. ಒಳಗೆ ನಿಂತವರಿಗೊಂದು ಗುಮ್ಮಟ, ದೂರದಿಂದ ಬರುವ ಒಂಟೆಯ ಸಾಲಿಗೊಂದು. ಗುಮ್ಮಟದ ನಡುನೆತ್ತಿಯ ಕೆಳಗೆ ನೆಲದಲ್ಲಿ ಕರಿಕಲ್ಲು. ಅಲ್ಲಿ ಚಿಟಿಕೆ ಹೊಡೆದರೆ ಪಟಪಟ ಮಾರ್ದನಿ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬಾಲ್ಯ ಕಳೆದವನು ಚಿಟಿಕೆ ಹೊಡೆದು, ಕಿವಿಯಾನಿಸಿ, "ನಮ್ದು ಒಂದೇ ಪದರ, ಆದ್ರೂ 44 ಮೀಟರ್ ಅಗಲ" ಎಂದು ತೀರ್ಪು ಕೊಟ್ಟ. ನಾನು ವಾದ ಮಾಡಲಿಲ್ಲ. ಅವನದ್ದೂ ಸುಳ್ಳಲ್ಲ.

ರಾತ್ರಿ ಊಟಕ್ಕೆ ಬೋರ್ಡಿನಲ್ಲಿ ಬಿರಿಯಾನಿ ಅಂತ ಓದಿಸಿಕೊಂಡು ನುಗ್ಗಿದರೆ ಬಂದದ್ದು ರೊಟ್ಟಿಯ ಮೇಲೆ ಕೊಚ್ಚಿದ ಮಾಂಸ. ಅನ್ನದ ಅಗುಳೂ ಇಲ್ಲ. ಇಸ್ಫಹಾನಿನಲ್ಲಿ ಬೆರ್ಯಾನಿ ಅಂದರೆ ಅದೇ.

ಐದನೇ ದಿನ: ಖಾಕಿ ಗುಮ್ಮಟ ಮತ್ತು ಬೋರಲು ಚಿತ್ರ

ಇಡೀ ಪ್ರವಾಸದಲ್ಲಿ ಒಂದೇ ಕಟ್ಟಡ ನೋಡಲು ಬಿಡುತ್ತೇನೆ ಅಂದರೆ ನಾನು ಆರಿಸುವುದು ಚೌಕದ ಯಾವ ಮಸೀದಿಯನ್ನೂ ಅಲ್ಲ, ಬಜಾರಿನ ಆಚೆ ತುದಿಯ ಹಳೆಯ ಜಾಮೆ ಮಸೀದಿಯನ್ನು. ಅಂಗಳದ ನಾಲ್ಕೂ ಕಡೆ ನಾಲ್ಕು ಈವಾನ್. ಈವಾನ್ ಅಂದರೆ ಮೂರು ಕಡೆ ಗೋಡೆ, ಮೇಲೆ ಕಮಾನು ಛಾವಣಿ, ನಾಲ್ಕನೆಯ ಕಡೆ ಪೂರ್ತಿ ಬಯಲು. ಕೋಣೆಯೂ ಅಲ್ಲ, ಅಂಗಳವೂ ಅಲ್ಲ. ನೆರಳು ಬೇಕು, ಗಾಳಿಯೂ ಬೇಕು, ಅಂಗಳದ ಜೊತೆ ಸಂಬಂಧವೂ ಕಡಿಯಬಾರದು ಅನ್ನುವವರಿಗೆ ಮಾಡಿದ್ದು. ಗವಾನನ ಮದರಸಾದ ಅಂಗಳದ ಬದಿಗಳ ನಡುಮಧ್ಯೆ ಎತ್ತರದ ಕಮಾನುಗಳಿವೆಯಲ್ಲ, ನಾವು ವಿಕೆಟ್ ಎಂದು ಬಳಸುತ್ತಿದ್ದದ್ದು, ಅದು ಏನೆಂದು ಗೊತ್ತಾಗಲು ನಾನು ಇಲ್ಲಿಗೆ ಬರಬೇಕಾಯಿತು. ಒಂದು ಈವಾನಿನಲ್ಲಿ ಮುದುಕರಿಬ್ಬರು ಗೋಡೆಗೊರಗಿ ನಿದ್ದೆ ಮಾಡುತ್ತಿದ್ದರು. ನೆರಳು ಸರಿದಂತೆ ಎದ್ದು ಎದುರಿನದಕ್ಕೆ ಹೋದರು.

ದಕ್ಷಿಣದ ಗುಮ್ಮಟವನ್ನು 1086ರ ಸುಮಾರಿಗೆ ವಜೀರ ನಿಜಾಮುಲ್ ಮುಲ್ಕ್ ಕಟ್ಟಿಸಿದ. ಎರಡೇ ವರ್ಷಕ್ಕೆ ಅವನ ಎದುರಾಳಿ ತಾಜುಲ್ ಮುಲ್ಕ್ ಉತ್ತರದಲ್ಲಿ ಇನ್ನೊಂದು ಎಬ್ಬಿಸಿದ. ಹೊಟ್ಟೆಕಿಚ್ಚಿನಿಂದ ಇಷ್ಟು ಒಳ್ಳೆಯದು ಹುಟ್ಟಿದ್ದು ಅಪರೂಪ. ಈ ಉತ್ತರದ್ದಕ್ಕೆ ಗುಂಬದ್-ಎ-ಖಾಕಿ ಎಂಬ ಹೆಸರು. ಖಾಕ್ ಎಂದರೆ ಧೂಳು, ಮಣ್ಣು. ನಮ್ಮ ಪೊಲೀಸರ ಖಾಕಿಯೂ ಅಲ್ಲಿಂದಲೇ ಬಂದದ್ದು. ಬಣ್ಣದ ಬಿಲ್ಲೆ ಒಂದೂ ಇಲ್ಲ. ಬರೀ ಇಟ್ಟಿಗೆ. ಇಟ್ಟಿಗೆಯನ್ನು ಅಡ್ಡ, ಉದ್ದ, ಒಳಕ್ಕೆ, ಹೊರಕ್ಕೆ ಇಟ್ಟೇ ಅಲಂಕಾರ. ಗುಮ್ಮಟದೊಳಗೆ ಐದು ಮೂಲೆಯ ನಕ್ಷತ್ರ ಬಿಡಿಸಿದ್ದು ಕೂಡ ಇಟ್ಟಿಗೆಯ ಗೆರೆಯಲ್ಲೇ. ಗೋಡೆಯ ಒಂದೊಂದು ಗೆರೆಯೂ ಕಂಬವಾಗಿ ಏಳುತ್ತದೆ, ಕಮಾನಾಗಿ ಬಾಗುತ್ತದೆ, ಗುಮ್ಮಟದ ಭಾರ ಹೊತ್ತು ಇಳಿಯುತ್ತದೆ. ಗೆಳೆಯ ಕೈಯಿಂದ ಗಾಳಿಯಲ್ಲಿ ಭಾರದ ಹಾದಿ ಬರೆಯುತ್ತಾ ಬಂದು ನೆಲದ ಮೇಲೆ ಬೆರಳಿಟ್ಟ. "ಒಂದ್ ಇಟ್ಟಂಗಿ ತಗದ್ರೂ ಗೊತ್ತಾಗ್ತದ" ಎಂದ. ಪೀರ್‌ನಿಯಾರ ಆ ಎರಡನೇ ಗುಣದ ಬಗ್ಗೆ ಅವನು ಆಮೇಲೆ ನಗಲಿಲ್ಲ.

ಮಧ್ಯಾಹ್ನ ಬಜಾರಿನ ಹಿಂದಿನ ಓಣಿಯಲ್ಲಿ ಬಿಲ್ಲೆ ಕೆಲಸದವರ ಅಂಗಡಿ ಸಿಕ್ಕಿತು. ಎರಡು ಬಗೆ ಇದೆ. ಹಫ್ತ್ ರಂಗಿ ಅಂದರೆ ಚೌಕ ಬಿಲ್ಲೆಯ ಮೇಲೆ ಏಳು ಬಣ್ಣ ಬರೆದು ಒಟ್ಟಿಗೆ ಸುಡುವುದು. ದೊಡ್ಡ ಮಸೀದಿಗೆ ಹೆಚ್ಚು ಬಳಸಿದ್ದು ಇದನ್ನೇ. ಕೆಲಸ ಬೇಗ ಸಾಗುತ್ತದೆ. ಮೊಅರ್‍ರಖ್ ಹಾಗಲ್ಲ. ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇರೆಯಾಗಿ ಸುಟ್ಟು, ಮೇಲೆ ಕಾಗದದ ಅಚ್ಚು ಅಂಟಿಸಿ, ಸಣ್ಣ ಸುತ್ತಿಗೆಯಿಂದ ಚೂರು ಚೂರು ಕಡಿದು, ಉಜ್ಜಿ, ಜೋಡಿಸುವುದು. ಅಂಗಡಿಯ ಹುಡುಗ ಹೆಸರುಕಾಳಿನಷ್ಟು ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಕಾಲು ತಾಸು ಉಜ್ಜಿದ. ಹೂವಿನ ನಡುವಿನ ಕಣ್ಣು ಅದು. ಚೂರುಗಳನ್ನು ಜೋಡಿಸುವುದು ಮುಖ ಕೆಳಗೆ ಮಾಡಿ. ಕೆಲಸದುದ್ದಕ್ಕೂ ಅವನಿಗೆ ಕಾಣುವುದು ಬಣ್ಣವಿಲ್ಲದ ಬೆನ್ನು ಮಾತ್ರ. ಎಲ್ಲ ಕೂತ ಮೇಲೆ ಹಿಂದಿನಿಂದ ಜಿಪ್ಸಮ್ ಗಾರೆ ಹೊಯ್ದು, ಒಣಗಿದ ಮೇಲೆ ತಿರುಗಿಸುತ್ತಾರೆ. ನಾವಿರುವಾಗಲೇ ಒಂದನ್ನು ತಿರುಗಿಸಿದರು. ಹುಡುಗ ಚಿತ್ರ ನೋಡಲಿಲ್ಲ. ಅಂಚಿನಲ್ಲಿ ಒಂದು ಕಡೆ ಗಾರೆ ಮೇಲೆ ಬಂದಿತ್ತು, ಅದನ್ನು ನೋಡಿ ತನ್ನಷ್ಟಕ್ಕೆ ಏನೋ ಬೈದುಕೊಂಡ.

ಸಂಜೆ ಖಾಜೂ ಸೇತುವೆ. ಜಾಯಂದೆ ನದಿ ಒಣಗಿತ್ತು. ಕಮಾನುಗಳ ಕೆಳಗೆ ಗಂಡಸರು ಸುತ್ತುಗಟ್ಟಿ ಹಾಡುತ್ತಿದ್ದರು. ಬಿರುಕು ಬಿಟ್ಟ ನದಿಯ ಪಾತ್ರದಲ್ಲಿ ಹುಡುಗರ ಫುಟ್‌ಬಾಲ್.

ಆರನೇ ದಿನ

ಯಜ್ದ್‌ಗೆ ಐದು ತಾಸು ಬಸ್ಸು. ಗೆಳೆಯನಿಗೆ ಹೊಟ್ಟೆ ಕೆಟ್ಟಿತ್ತು. ಮಲಗಿದೆವು.

ಏಳನೇ ದಿನ: ಗಾಳಿಗೆ ಗೂಡು, ನೀರಿಗೆ ಗವಿ

ಯಜ್ದ್‌ನಲ್ಲಿ ಬೆಳಗ್ಗೆ ಮಾಳಿಗೆ ಹತ್ತಿ ನೋಡಿದರೆ ಮಣ್ಣಿನ ಬಣ್ಣದ ಸಮುದ್ರ, ಅದರ ಮೇಲೆ ನೂರಾರು ಬಾದ್‌ಗೀರ್. ಬಾದ್ ಎಂದರೆ ಗಾಳಿ, ಗೀರ್ ಎಂದರೆ ಹಿಡಿಯುವವನು. ಗೋಪುರದ ತಲೆಯಲ್ಲಿ ಉದ್ದುದ್ದ ಸೀಳು, ಮೈಯಿಂದ ಮರದ ತೊಲೆಗಳು ಹೊರಚಾಚಿವೆ. ಕಾಗೆ ಕೂರಲೆಂದಲ್ಲ: ಗೋಪುರಕ್ಕೆ ಅವೇ ಬಿಗಿ, ರಿಪೇರಿಗೆ ಹತ್ತುವವನಿಗೆ ಅವೇ ಏಣಿ.

ದೌಲತಾಬಾದ್ ತೋಟದ್ದು 33 ಮೀಟರಿಗೂ ಎತ್ತರ, ಎಂಟು ಮುಖ, 18ನೇ ಶತಮಾನದ್ದು. ಕೆಳಗಿನ ಕೋಣೆಯಲ್ಲಿ ಅದರ ಬಾಯಡಿ ಸಣ್ಣ ಹೌಜ್. ನಾನು ಅಲ್ಲಿ ನಿಂತು ಕೊರಳಿನ ಟವೆಲನ್ನು ಎತ್ತಿ ಹಿಡಿದೆ. ಹೊರಗೆ ಎಲೆ ಅಲುಗದ ಮಧ್ಯಾಹ್ನ. ಟವೆಲು ಮೊದಲು ಸುಮ್ಮನಿತ್ತು, ಆಮೇಲೆ ಒಂದು ಬದಿಗೆ ಮೆಲ್ಲಗೆ ಹೊಟ್ಟೆಯುಬ್ಬಿಸಿತು. ಎರಡು ಹೆಜ್ಜೆ ಆಚೆ ನಿಂತರೆ ಅದೇ ಟವೆಲು ಮೇಲಕ್ಕೆ ಎಳೆಸಿಕೊಂಡಿತು. ಗೋಪುರದೊಳಗೆ ಅಡ್ಡಗೋಡೆಗಳಿವೆ, ಗಾಳಿ ಬೀಸುವ ಕಡೆಯ ಸೀಳಿನಿಂದ ತಂಪು ಇಳಿಯುತ್ತದೆ, ಎದುರು ಸೀಳಿನಿಂದ ಬಿಸಿ ಏರುತ್ತದೆ. ಗಾಳಿಯೇ ಇಲ್ಲದ ದಿನ ಬಿಸಿಲಿಗೆ ಕಾದ ಗೋಪುರ ಹೊಗೆಗೂಡಿನಂತೆ ಒಳಗಿನ ಸೆಕೆಯನ್ನು ಹೀರಿ ಹೊರಹಾಕುತ್ತದೆ. ನೀರಿನ ಮೇಲೆ ಹಾದ ಗಾಳಿ ಇನ್ನಷ್ಟು ತಣ್ಣಗಾಗಿ ಮುಖಕ್ಕೆ ಬರುತ್ತದೆ. ಫ್ಯಾನಿನ ಕೆಳಗೆ ಕೂತಂತಲ್ಲ, ಮರದ ಕೆಳಗೆ ಕೂತಂತೆ.

ಆ ನೀರು ಬರುವುದು ಕನಾತ್‌ನಿಂದ. ನೀರಿನ ಮ್ಯೂಸಿಯಮ್ ಇರುವ ಹಳೆಮನೆಯಲ್ಲಿ ಮೆಟ್ಟಿಲಿಳಿದು ಹೋದೆವು. ಬೆಟ್ಟದ ಬುಡದಲ್ಲಿ ಮಾದರ್ ಚಾಹ್, ತಾಯಿ ಬಾವಿ, ತೋಡಿ ಅಂತರ್ಜಲ ಮುಟ್ಟುತ್ತಾರೆ. ಅಲ್ಲಿಂದ ಊರಿನವರೆಗೆ ನೆಲದಡಿ ಸುರಂಗ, ಕಂಡೂ ಕಾಣದಂಥ ಇಳಿಜಾರಿನಲ್ಲಿ. ಜಾಸ್ತಿ ಇಳಿಜಾರಾದರೆ ನೀರು ಸುರಂಗವನ್ನೇ ಕೊರೆದುಬಿಡುತ್ತದೆ, ಕಮ್ಮಿಯಾದರೆ ನಿಲ್ಲುತ್ತದೆ. ನಡುನಡುವೆ ಗಾಳಿಗೂ ಮಣ್ಣೆತ್ತಲೂ ಬಾವಿಗಳು. ಹೊಲದ ನಡುವಿನ ಗುಂಡಿಗಳ ಸಾಲು! ನೌಬಾದಿನ ಸುರಂಗ ಬಾವಿ. ಕಲ್ಲೆಸೆದು ನಾವು ಎಣಿಸಿದ್ದು ಇದನ್ನು. ಇಲ್ಲಿನ ಜಾರ್ಚ್ ಕನಾತ್ 70 ಕಿಲೋಮೀಟರಿಗೂ ಉದ್ದ. 2016ರಲ್ಲಿ ಇರಾನಿನ 11 ಕನಾತ್‌ಗಳನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿತು. ತೋಡುವವನು ಮುಖನ್ನಿ. ಬಿಳಿ ಬಟ್ಟೆ ಹಾಕಿ ಇಳಿಯುತ್ತಿದ್ದ. ಕತ್ತಲಲ್ಲಿ ಕಾಣಲಿ ಅಂತ, ಮಣ್ಣು ಕುಸಿದರೆ ಅದೇ ಕಫನ್, ಹೆಣಕ್ಕೆ ಹೊದಿಸುವ ಬಟ್ಟೆ, ಆಗಲಿ ಅಂತಲೂ. ಜೊತೆಗೊಂದು ಎಣ್ಣೆ ದೀಪ. ಅದು ಆರಿದರೆ ಗಾಳಿ ಕೆಟ್ಟಿದೆ, ಮೇಲೆ ಬರಬೇಕು.

ಗಾಜಿನ ಪೆಟ್ಟಿಗೆಯಲ್ಲಿ ಒಂದು ತಾಮ್ರದ ಬಟ್ಟಲಿತ್ತು, ತಳದಲ್ಲಿ ಸೂಜಿಮೊನೆಯ ತೂತು. ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗುವಷ್ಟು ಹೊತ್ತು ಒಬ್ಬನ ಹೊಲಕ್ಕೆ ನೀರು, ಆಮೇಲೆ ಇನ್ನೊಬ್ಬನ ಪಾಳಿ. ನಮ್ಮ ಗಳಿಗೆ ಬಟ್ಟಲು ಇದೇ. ಪರ್ಶಿಯನ್ನಿನಲ್ಲಿ ಬಟ್ಟಲಿಗೆ ತಾಸ್ ಅನ್ನುತ್ತಾರೆ ಎಂದು ಕಾವಲಿನ ಹೆಂಗಸು ಹೇಳಿದಾಗ ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬೆಂಗಳೂರಿನವರು ಗಂಟೆ ಅನ್ನುವುದಕ್ಕೆ ನಾವಿಬ್ಬರೂ ಹುಟ್ಟಿದಾಗಿನಿಂದ ತಾಸು ಅನ್ನುತ್ತಿದ್ದೇವೆ. ಆಬ್ ಎಂದರೆ ನೀರು ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ನಮ್ಮ ಅಬಕಾರಿ ಇಲಾಖೆಯ ಹೆಸರಲ್ಲಿ ಇರುವುದೂ ಅದೇ ಆಬ್. ಅದು ಯಾವ ನೀರು ಎಂದು ಆಕೆಗೆ ಬಿಡಿಸಿ ಹೇಳುವ ಧೈರ್ಯ ಆಗಲಿಲ್ಲ.

ಎಂಟನೇ ದಿನ: ಕಾಹ್‌ಗೆಲ್

ಮೇಬೋದ್‌ಗೆ ಹೋಗಿ ಯಖ್‌ಚಾಲ್ ನೋಡಿದೆವು. ಚಳಿಗಾಲದ ರಾತ್ರಿಗಳಲ್ಲಿ ಎತ್ತರದ ಗೋಡೆಯ ನೆರಳಿನ ತೆಳು ಹೊಂಡದಲ್ಲಿ ನೀರು ಹೆಪ್ಪುಗಟ್ಟಿಸಿ, ಆ ಬರ್ಫನ್ನು ಮಣ್ಣಿನ ದೊಡ್ಡ ಗುಮ್ಮಟದ ಕೆಳಗಿನ ಗುಂಡಿಯಲ್ಲಿ ಬೇಸಿಗೆಯವರೆಗೆ ಕಾಪಿಡುತ್ತಿದ್ದರು. ಮರುಭೂಮಿಯಲ್ಲಿ, ಮಣ್ಣಿನಲ್ಲಿ, ಐಸು.

ವಾಪಸು ಬಂದಾಗ ನಾವಿದ್ದ ಓಣಿಯಲ್ಲೇ ಒಂದು ಗೋಡೆಗೆ ಮೆತ್ತುಗಾರೆ ನಡೆದಿತ್ತು. ಕಾಹ್ ಅಂದರೆ ಹುಲ್ಲು, ಗೆಲ್ ಅಂದರೆ ಮಣ್ಣು. ಇಬ್ಬರು ಪ್ಯಾಂಟು ಮಡಚಿ ತುಳಿಯುತ್ತಿದ್ದರು. ಕಲಸಿದ್ದು ಮೂರು ದಿನದ ಹಿಂದೆ. ಹುಲ್ಲು ನೆನೆದು ಹದವಾಗಬೇಕು. ಹತ್ತಿರ ಹೋದರೆ ವಾಸನೆ. ನನ್ನ ಅಜ್ಜನ ಮಾಳಿಗೆ ಮನೆಗೆ ಮಳೆಗಾಲದ ಮುಂಚೆ ಮಣ್ಣು ಹಾಕುವಾಗಿನ ಅದೇ ಹುಳಿ ವಾಸನೆ. ನನ್ನನ್ನು ಕಂಡು ಒಬ್ಬ ಕೈಯಲ್ಲಿ ಒಂದು ಮುದ್ದೆ ಇಟ್ಟ. ಗೋಡೆಗೆ ಬಡಿದೆ, ಜಾರಿ ಬಿತ್ತು. ನಕ್ಕರು. ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಅಂಗೈಯ ಹಿಂಬದಿಯಿಂದ ಮೇಲಕ್ಕೆ ಎಳೆಯಬೇಕು. ಎರಡನೆಯದು ನಿಂತಿತು. ಗೋಡೆಯ ಮೇಲೆ ಹುಲ್ಲಿನ ಕಡ್ಡಿಗಳು ಬಂಗಾರದ ಎಳೆಯಂತೆ ಮಿನುಗುತ್ತಿದ್ದವು. ಪ್ರತಿ ಕೆಲವು ವರ್ಷಕ್ಕೆ ಮತ್ತೆ ಹಚ್ಚಲೇಬೇಕು. ಇಲ್ಲಿ ಸಾವಿರ ವರ್ಷದ ಗೋಡೆ ಅಂದರೆ ಸಾವಿರ ವರ್ಷ ಯಾರೋ ಒಬ್ಬರು ಪ್ಯಾಂಟು ಮಡಚಿದ್ದಾರೆ ಎಂದರ್ಥ.

ಒಂಬತ್ತನೇ ದಿನ: ಮಾಹಾನ್

ರಾತ್ರಿ ಬಸ್ಸಿನಲ್ಲಿ ಕೆರ್ಮಾನ್, ಅಲ್ಲಿಂದ ಟ್ಯಾಕ್ಸಿಯಲ್ಲಿ ಮಾಹಾನ್. ಹೆಚ್ಚಿನ ಪ್ರವಾಸಿಗಳು ಇಷ್ಟು ದೂರ ಬರುವುದಿಲ್ಲ, ಶಿರಾಜ್‌ಗೆ ಹೋಗುತ್ತಾರೆ. ನನಗೆ ಇಲ್ಲಿ ಕೆಲಸವಿತ್ತು.

ಸೂಫಿ ಸಂತ ಶಾ ನಿಯಾಮತುಲ್ಲಾ ವಲಿ 1431ರಲ್ಲಿ ತೀರಿಕೊಂಡರು. ಬೀದರಿನ ಸುಲ್ತಾನ ಅಹ್ಮದ್ ಶಾ ವಲಿ ಬಹಮನಿ ಅವರ ಭಕ್ತ. ಬನ್ನಿ ಎಂದು ಹೇಳಿಕಳಿಸಿದ್ದ. ಸಂತರು ತಾವು ಬರದೆ ಮೊಮ್ಮಗನನ್ನು ಕಳಿಸಿದರು. ಸಂತರು ತೀರಿಕೊಂಡ ಮೇಲೆ ಅವರ ಮಗ ಖಲೀಲುಲ್ಲಾ ಕೂಡ ಬೀದರಿಗೇ ಬಂದುಬಿಟ್ಟರು. ಬೀದರಿನ ಪಕ್ಕದ ಅಷ್ಟೂರಿನ ಹಾದಿಯಲ್ಲಿ ದಿಬ್ಬದ ಮೇಲಿನ ಚೌಖಂಡಿ ಖಲೀಲುಲ್ಲಾರದೇ ಗೋರಿ. ಮಾಹಾನ್‌ನಲ್ಲಿ ಸಂತರ ಸಮಾಧಿಯ ಮೇಲೆ ಗುಮ್ಮಟದ ಕೋಣೆ ಎದ್ದದ್ದು 1436ರಲ್ಲಿ, ಅಹ್ಮದ್ ಶಾನ ಅಪ್ಪಣೆಯಿಂದ, ನಮ್ಮೂರಿನ ಹಣದಿಂದ. ಅವನೂ ಅದೇ ವರ್ಷ ತೀರಿಕೊಂಡ. ಸುತ್ತಲಿನ ಅಂಗಳ, ಮಿನಾರುಗಳನ್ನು ಆಮೇಲೆ ಶಾ ಅಬ್ಬಾಸ್, ಕಾಜಾರರು ಕೂಡಿಸುತ್ತಾ ಹೋದರು. ಅಷ್ಟೂರಿನಲ್ಲಿರುವ ಅಹ್ಮದ್ ಶಾನ ಗೋರಿಯ ಉರುಸಿಗೆ ಈಗಲೂ ಕಲಬುರಗಿ ಕಡೆಯ ಮಾಡಿಯಾಳದ ಜಂಗಮರು ಬರುತ್ತಾರೆ. ಲಿಂಗಾಯತರಿಗೆ ಅವನು ಅಲ್ಲಮಪ್ರಭು.

ಬಾಗಿಲು ದಾಟಿದೆ. ತಲೆ ತಾನಾಗಿ ಬಗ್ಗಿತು. ಉದ್ದನೆಯ ಅಂಗಳ, ಸೈಪ್ರೆಸ್ ಮರಗಳು, ಹೌಜಿನಲ್ಲಿ ಫಿರೋಜಾ ಗುಮ್ಮಟ ತಲೆಕೆಳಗಾಗಿ ನಿಂತಿತ್ತು. ಒಳಗೆ ಗೋರಿಯ ಪಕ್ಕ ಪುಟ್ಟದೊಂದು ಚಿಲ್ಲೆಖಾನೆ, ಸಂತರು ಏಕಾಂತಕ್ಕೆ ಕೂರುತ್ತಿದ್ದ ಜಾಗ. ಗೋಡೆ ಛಾವಣಿಯೆಲ್ಲ ಸುರುಳಿ ಸುರುಳಿ ಬರಹ. ನನಗೆ ಓದಲು ಬಾರದು.

ಹಿರಿಯ ಕಾವಲುಗಾರ ಎಲ್ಲಿಂದ ಬಂದಿರಿ ಎಂದು ಕೇಳಿದ. ಹಿಂದೂಸ್ತಾನ್ ಎಂದೆ. ತಲೆಯಾಡಿಸಿದ. ಬೀದರ್ ಎಂದೆ. "ದಕನ್?" ಎಂದು ಎದ್ದು ನಿಂತ. ಒಳಕೋಣೆಯ ಕಡೆ ಕೈತೋರಿ "ಅಹ್ಮದ್ ಶಾ" ಎಂದ, ನಾನು ಅವನ ಮನೆಯವನೇ ಎಂಬಂತೆ. ಚಹಾ ತರಿಸಿದ. ಕೈಸನ್ನೆಯಲ್ಲಿ, ಅರ್ಧ ಉರ್ದು ಅರ್ಧ ಪರ್ಶಿಯನ್ನಿನಲ್ಲಿ, ಅವನ ಗೋರಿ ಹೇಗಿದೆ ಎಂದು ಕೇಳಿದ. ಫೋನಿನಲ್ಲಿ ಅಷ್ಟೂರಿನ ಫೋಟೊಗಳಿದ್ದವು, ಹೊರಡುವ ವಾರ ಟಾರ್ಚ್ ಹಿಡಿದು ತೆಗೆದವು: ಕತ್ತಲ ಗುಮ್ಮಟದೊಳಗೆ ಕೆಂಪು, ನೀಲಿ, ಬಂಗಾರದ ಬಳ್ಳಿಗಳು, ಅವುಗಳ ನಡುವೆ ಪಟ್ಟಿ ಪಟ್ಟಿ ಬರಹ. ಚಿಕ್ಕಂದಿನಿಂದ ನೋಡಿದ್ದೆ. ನನಗೆ ಅದು ಬಳ್ಳಿಯದೇ ಇನ್ನೊಂದು ಬಗೆಯಾಗಿತ್ತು.

ಅವನು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಒಂದು ಪಟ್ಟಿಯ ಮೇಲೆ ನಿಂತ. ತುಟಿ ಅಲುಗಿದವು. ಆಮೇಲೆ ಗಟ್ಟಿಯಾಗಿ ಓದಿದ, ಒಂದೊಂದೇ ಹೆಸರು, ಗುರು, ಗುರುವಿನ ಗುರು. ನಿಯಾಮತುಲ್ಲಾ ಎಂಬಲ್ಲಿ ಬೆರಳು ನಿಲ್ಲಿಸಿ, ನಮ್ಮ ಎದುರಿನ ಗೋರಿಯನ್ನು ತೋರಿಸಿದ. ಗೆಳೆಯ ಏನು ಬರೆದಿದೆ ಎಂದು ಕೇಳಿದ. ಕಾವಲುಗಾರ ಮೊದಲಿನಿಂದ ಮತ್ತೆ ಓದಲು ಶುರು ಮಾಡಿದ.